ವಿದ್ಯೆ ಹತ್ತದ ತಲೆ ಯಾವುದು?

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಊರುಗಳಲ್ಲಿ ಒಂದು ಬಗೆಯ ಕಾರ್ಯಕ್ರಮಗಳು ಶುರುವಾಗುತ್ತವೆ. ಶಾಮಿಯಾನದ ಕೆಳಗೆ ಮಕ್ಕಳನ್ನು ಕೂರಿಸಿ, ಹೊರಗಿನಿಂದ ಬಂದ ಭಾಷಣಕಾರರಿಂದ ‘ಪ್ರೇರಣೆ’ ಕೊಡಿಸಲಾಗುತ್ತದೆ. ಅಬ್ದುಲ್ ಕಲಾಂ ಪತ್ರಿಕೆ ಹಂಚಿ ಓದಿದ ಕಥೆ ಬರುತ್ತದೆ, ಬೀದಿದೀಪದ ಕಥೆ ಬರುತ್ತದೆ, ಮನಸ್ಸಿದ್ದರೆ ಮಾರ್ಗ ಎಂಬ ಗಾದೆ ಬರುತ್ತದೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಮರುದಿನ ಅದೇ ತರಗತಿ, ಅದೇ ಬೆಂಚು, ಓದಲು ಬಾರದ ಅದೇ ಪುಟ. ಫಲಿತಾಂಶ ಬಂದ ಮೇಲೆ ನಾವು ಹೇಳುವ ಮಾತೂ ಅದೇ: “ಏನ್ ಮಾಡೋದು, ಇವನಿಗೆ ವಿದ್ಯೆ ತಲೆಗೆ ಹತ್ತಲಿಲ್ಲ.”

ಈ ಕೊನೆಯ ವಾಕ್ಯವನ್ನು ನಾವು ಸ್ವಲ್ಪ ನಿಂತು ಗಮನಿಸಬೇಕು. ಕಥೆ ಬರೆಯುವವರಿಗೆ ವಾಕ್ಯದಲ್ಲಿ ಕರ್ತೃ ಯಾರೆಂದು ಹುಡುಕುವ ಅಭ್ಯಾಸ. ಇಲ್ಲಿ ಕರ್ತೃ ವಿದ್ಯೆ. ಅದು ಹತ್ತಲಿಲ್ಲ. ಹತ್ತದಿದ್ದದ್ದು ಆ ತಲೆಯ ದೋಷ. ಕಲಿಸಿದವರು, ಕಲಿಸಿದ ಭಾಷೆ, ಪುಸ್ತಕ, ಮನೆ, ಹಸಿವು ಯಾವುದೂ ವಾಕ್ಯದಲ್ಲಿಲ್ಲ. ಉರ್ದುವಿನಲ್ಲಿ ನಾವು ‘ಕುಂದ್ ಜೆಹನ್’ ಎನ್ನುತ್ತೇವೆ, ಮೊಂಡಾದ ಬುದ್ಧಿ ಎಂದು. ಕನ್ನಡದಲ್ಲಿ ದಡ್ಡ, ಮೊದ್ದು. ಎರಡೂ ಭಾಷೆಗಳು ಈ ವಿಷಯದಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಶೈಕ್ಷಣಿಕ ಮನೋವಿಜ್ಞಾನ ಎಂಬ ಶಾಸ್ತ್ರಕ್ಕೆ ಏನಾದರೂ ಕೆಲಸವಿದ್ದರೆ, ಅದು ಈ ವಾಕ್ಯವನ್ನು ತಿದ್ದುವುದು. ಆದರೆ ನಮ್ಮಲ್ಲಿ ಆ ಶಾಸ್ತ್ರವನ್ನೇ ಈ ವಾಕ್ಯದ ಸೇವೆಗೆ ಹಚ್ಚಲಾಗಿದೆ ಎಂಬುದು ನಮ್ಮ ತಕರಾರು.

ಬೆಕ್ಕು, ನಾಯಿ ಮತ್ತು ಇಲಿ

ಬಿ.ಇಡಿ., ಡಿ.ಇಡಿ. ಮುಗಿಸಿದ ಯಾವ ಶಿಕ್ಷಕರನ್ನು ಕೇಳಿದರೂ ಥಾರ್ನ್‌ಡೈಕನ ಬೆಕ್ಕು, ಪಾವ್ಲೋವನ ನಾಯಿ, ಸ್ಕಿನ್ನರನ ಇಲಿ ನೆನಪಿರುತ್ತವೆ. ಮ್ಯಾಸ್ಲೋನ ತ್ರಿಕೋನ ನೆನಪಿರುತ್ತದೆ. ಆಂತರಿಕ ಅಭಿಪ್ರೇರಣೆ, ಬಾಹ್ಯ ಅಭಿಪ್ರೇರಣೆ ಎಂದು ಎರಡು ವಿಧಗಳನ್ನು ಬರೆದು ಐದು ಅಂಕ ಪಡೆದದ್ದೂ ನೆನಪಿರುತ್ತದೆ. ಬಾಯಿಪಾಠ ಮಾಡಬಾರದು ಎಂಬ ಸಿದ್ಧಾಂತವನ್ನು ಗೈಡ್ ನೋಡಿ ಬಾಯಿಪಾಠ ಮಾಡಿದ ತಲೆಮಾರು ನಮ್ಮದು. ತಪ್ಪು ಶಿಕ್ಷಕರದ್ದಲ್ಲ; ಅವರಿಗೂ ಅದೇ ರೀತಿ ಕಲಿಸಲಾಯಿತು.

ಈ ಪಠ್ಯಗಳಲ್ಲಿ ಬರುವ ಒಂದು ಸರಳ ಲೆಕ್ಕವನ್ನು ಮಾತ್ರ ಯಾರೂ ತರಗತಿಗೆ ತರಲಿಲ್ಲ. ಅಮೆರಿಕದ ಮನೋವಿಜ್ಞಾನಿ ಜಾನ್ ಅಟ್ಕಿನ್‌ಸನ್ 1957ರಲ್ಲಿ ಮುಂದಿಟ್ಟು, ನಂತರ ಜಾಕ್ಲಿನ್ ಎಕ್ಲಿಸ್ ಮತ್ತು ಸಂಗಡಿಗರು ಶಾಲೆಗೆ ಒಗ್ಗಿಸಿದ ವಿಚಾರವದು. ಮಗು ಒಂದು ಕೆಲಸಕ್ಕೆ ಕೈ ಹಾಕಬೇಕಾದರೆ ಎರಡು ಸಂಗತಿ ಬೇಕು: “ಇದು ನನ್ನಿಂದಾಗುತ್ತದೆ” ಎಂಬ ನಿರೀಕ್ಷೆ ಮತ್ತು “ಆದರೆ ನನಗೆ ಬೆಲೆಯುಳ್ಳದ್ದೇನೋ ಸಿಗುತ್ತದೆ” ಎಂಬ ನಂಬಿಕೆ. ಮುಖ್ಯ ಮಾತೆಂದರೆ ಇವೆರಡೂ ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಒಂದು ಸೊನ್ನೆಯಾದರೆ ಇನ್ನೊಂದು ನೂರಿದ್ದರೂ ಉತ್ತರ ಸೊನ್ನೆಯೇ. ಐದನೇ ತರಗತಿಗೆ ಬಂದರೂ ಒತ್ತಕ್ಷರ ಕೂಡಿಸಿ ಓದಲಾಗದ ಹುಡುಗನಿಗೆ ಕಲಾಂ ಕಥೆ ಹೇಳಿ ಬೆಲೆಯನ್ನು ನೂರಕ್ಕೇರಿಸಿದರೂ ಅವನ ನಿರೀಕ್ಷೆ ಸೊನ್ನೆಯಲ್ಲಿಯೇ ಉಳಿದಿದೆ. ಚಪ್ಪಾಳೆಯ ನಂತರ ಅವನಿಗೆ ಉಳಿಯುವುದು, “ಮನಸ್ಸಿದ್ದರೆ ಮಾರ್ಗವಂತೆ, ನನಗೆ ಮಾರ್ಗವಿಲ್ಲ, ಹಾಗಾದರೆ ನನಗೆ ಮನಸ್ಸೇ ಇಲ್ಲ” ಎಂಬ ಹೊಸ ಅಪರಾಧ ಮಾತ್ರ.

ನಾವು ಈ ಮಾತುಗಳನ್ನು ಕೆಂಚನಗುಡ್ಡವನ್ನು ಕಣ್ಣ ಮುಂದಿಟ್ಟುಕೊಂಡು ಬರೆಯುತ್ತಿದ್ದೇವೆ. ಸಿರುಗುಪ್ಪ ತಾಲ್ಲೂಕಿನ, ತುಂಗಭದ್ರೆಯ ದಡದ ಈ ಊರು ವಸುಧೇಂದ್ರ ತೀರ್ಥರ ಬೃಂದಾವನದಿಂದಾಗಿ ಹೊರಗಿನವರಿಗೆ ಪರಿಚಿತ. ಸುತ್ತ ಭತ್ತದ ಸೀಮೆ. ಇಲ್ಲಿಯ ರೈತರಿಗೆ ಕಾಲುವೆಯ ಕೊನೆಯಂಚಿನ ಹೊಲ ಎಂದರೇನು ಎಂದು ವಿವರಿಸಬೇಕಿಲ್ಲ. ಕೊನೆಯಂಚಿಗೆ ನೀರು ಬರದಿದ್ದಾಗ ಯಾವ ರೈತನೂ ಹೊಲಕ್ಕೆ ಬುದ್ಧಿ ಹೇಳುವುದಿಲ್ಲ. ಮೇಲೆ ಹೋಗಿ ತೂಬು ನೋಡುತ್ತಾನೆ. ಮಕ್ಕಳ ವಿಷಯದಲ್ಲಿ ಮಾತ್ರ ನಾವು ಹೊಲವನ್ನು ಬಯ್ಯುತ್ತೇವೆ.

ಬಹುಮಾನದ ಲೆಕ್ಕ

ಪ್ರೇರಣೆ ಕೊಡುವ ದೊಡ್ಡ ಪ್ರಯೋಗಗಳು ನಮ್ಮ ಈ ಭಾಗದಲ್ಲಿಯೇ ನಡೆದಿವೆ ಎಂಬುದನ್ನು ಅನೇಕರು ಮರೆತಿದ್ದಾರೆ. 2002ರಲ್ಲಿ ಬಳ್ಳಾರಿಯೂ ಸೇರಿದಂತೆ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ‘ಅಕ್ಷರ ದಾಸೋಹ’ ಆರಂಭವಾಯಿತು. ಬಿಸಿಯೂಟ ರಾಜ್ಯದ ಉಳಿದ ಭಾಗಕ್ಕೆ ಹೋದದ್ದು ಆಮೇಲೆ. ಹೊಟ್ಟೆಗೆ ಕೂಳಿಲ್ಲದವನಿಗೆ ಪಾಠ ಹತ್ತದು ಎಂಬುದಕ್ಕೆ ಮ್ಯಾಸ್ಲೋನ ತ್ರಿಕೋನ ಬೇಕಿರಲಿಲ್ಲ. ಆದರೂ ಮಕ್ಕಳ ಮನಸ್ಸಿನ ವಿಷಯದಲ್ಲಿ ಸರ್ಕಾರ ಮಾಡಿದ ಪ್ರಾಮಾಣಿಕ ಕೆಲಸಗಳಲ್ಲಿ ಇದೂ ಒಂದು ಎಂದು ನಾವು ಹೇಳುತ್ತೇವೆ.

ಅದೇ ವರ್ಷ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮತ್ತು ರಾಜ್ಯ ಸರ್ಕಾರ ಸೇರಿ ಈಶಾನ್ಯ ಕರ್ನಾಟಕದಲ್ಲಿ ‘ಕಲಿಕಾ ಖಾತರಿ’ ಕಾರ್ಯಕ್ರಮವನ್ನು ತಂದವು. ಸರ್ಕಾರಿ ಶಾಲೆಗಳು ತಾವಾಗಿಯೇ ಮುಂದೆ ಬರಬೇಕು, ದಾಖಲಾತಿ, ಹಾಜರಾತಿ, ಕಲಿಕೆ ಮೂರನ್ನೂ ಹೊರಗಿನವರು ಬಂದು ಪರೀಕ್ಷಿಸುತ್ತಾರೆ, ನಿಗದಿತ ಮಟ್ಟ ಮುಟ್ಟಿದ ಶಾಲೆಗೆ ನಗದು ಬಹುಮಾನ. ಇದರ ಹಿರಿಮೆ ಬಹುಮಾನದಲ್ಲಿರಲಿಲ್ಲ, ಪರೀಕ್ಷೆಯ ಬಗೆಯಲ್ಲಿತ್ತು. ಮಗು ಬಾಯಿಪಾಠ ಒಪ್ಪಿಸುತ್ತದೆಯೋ ಇಲ್ಲವೋ ಎಂಬುದರ ಬದಲು ಅದಕ್ಕೆ ನಿಜವಾಗಿ ಏನು ಬರುತ್ತದೆ ಎಂದು ನೋಡುವ ರೂಢಿಯನ್ನು ಅದು ಬೆಳೆಸಿತು. ಕೊರತೆಯೆಂದರೆ, ತಾವಾಗಿಯೇ ಮುಂದೆ ಬರುವ ಶಾಲೆಗಳು ಸಾಮಾನ್ಯವಾಗಿ ಮೊದಲೇ ಒಂದಿಷ್ಟು ಧೈರ್ಯವಿದ್ದ ಶಾಲೆಗಳು. ಒಬ್ಬರೇ ಶಿಕ್ಷಕರು ನಾಲ್ಕು ತರಗತಿ ನೋಡಿಕೊಳ್ಳುವ ಶಾಲೆ ಯಾವ ಮುಖ ಇಟ್ಟುಕೊಂಡು ಸ್ಪರ್ಧೆಗೆ ಹೋದೀತು?

ಬಹುಮಾನ ಮಕ್ಕಳ ಮೇಲೆ ಏನು ಮಾಡುತ್ತದೆ? 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಸಂಶೋಧಕರು ಶಿಶುವಿಹಾರದ ಮಕ್ಕಳ ಮೇಲೆ ನಡೆಸಿದ ಪ್ರಯೋಗ ಪ್ರಸಿದ್ಧವಾಗಿದೆ. ಬಣ್ಣದ ಪೆನ್ನುಗಳಿಂದ ಚಿತ್ರ ಬಿಡಿಸುವುದೆಂದರೆ ಇಷ್ಟವಿದ್ದ ಮಕ್ಕಳಲ್ಲಿ ಕೆಲವರಿಗೆ, ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು, ಕೊಟ್ಟರು. ಒಂದೆರಡು ವಾರಗಳ ನಂತರ ನೋಡಿದರೆ ಆ ಮಕ್ಕಳೇ ಪೆನ್ನು ಮುಟ್ಟುವುದನ್ನು ಕಡಿಮೆ ಮಾಡಿದ್ದರು. ಆಟವಾಗಿದ್ದದ್ದು ಕೂಲಿಯಾಗಿಬಿಟ್ಟಿತ್ತು. ಇನ್ನೊಂದೆಡೆ, ನಮ್ಮ ಗಡಿಯಾಚೆಗಿನ ಆಂಧ್ರದಲ್ಲಿ 2005ರಿಂದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ನಡೆಸಿದ ಅಧ್ಯಯನದಲ್ಲಿ, ಮಕ್ಕಳ ಕಲಿಕೆ ಸುಧಾರಿಸಿದರೆ ಶಿಕ್ಷಕರಿಗೆ ಬೋನಸ್ ಎಂದಾಗ ಗಣಿತ ಮತ್ತು ಭಾಷೆ ಎರಡರಲ್ಲೂ ಮಕ್ಕಳು ಮುಂದೆ ಬಂದರು. ಶಿಕ್ಷಕರ ಗೈರುಹಾಜರಿ ಕಡಿಮೆಯಾಗಲಿಲ್ಲ. ಆದರೆ ಬಂದ ದಿನ ಹೆಚ್ಚು ಕಲಿಸಿದರು.

ಹಾಗಾಗಿ ಬಹುಮಾನವೇ ಕೆಟ್ಟದ್ದು ಎಂಬ ಸುಲಭದ ತೀರ್ಮಾನವೂ ಸರಿಯಲ್ಲ, ಬಹುಮಾನವೇ ಮದ್ದು ಎಂಬುದೂ ಸರಿಯಲ್ಲ. ದೊಡ್ಡವರ ಕರ್ತವ್ಯಕ್ಕೆ ಬಹುಮಾನ ಕೊಡಬಹುದು. ಮಗುವಿನ ಕುತೂಹಲಕ್ಕೆ ಬೆಲೆ ಕಟ್ಟಿದರೆ ಅದು ಬಾಡುತ್ತದೆ. ನಮ್ಮ ಜಮಾಅತ್‌ಗಳು, ಸಂಘಸಂಸ್ಥೆಗಳು ಪ್ರತಿ ವರ್ಷ ಶೇಕಡಾ ತೊಂಬತ್ತು ಪಡೆದವರಿಗೆ ಶಾಲು ಹೊದಿಸುತ್ತವೆ. ಸಂತೋಷ. ಆದರೆ ಮೂವತ್ತರಿಂದ ಐವತ್ತಕ್ಕೆ ಬಂದ ಹುಡುಗಿಯನ್ನು ಯಾರೂ ವೇದಿಕೆಗೆ ಕರೆಯುವುದಿಲ್ಲ. ಅವಳು ನಡೆದ ದಾರಿಯೇ ಉದ್ದದ್ದು.

ಮೇಷ್ಟ್ರ ಕಣ್ಣು

1968ರಲ್ಲಿ ರೋಸೆಂಥಾಲ್ ಮತ್ತು ಜೇಕಬ್‌ಸನ್ ಪ್ರಕಟಿಸಿದ ಒಂದು ಪ್ರಯೋಗ ಇಂದಿಗೂ ಚರ್ಚೆಯಲ್ಲಿದೆ. ಕ್ಯಾಲಿಫೋರ್ನಿಯಾದ ಒಂದು ಪ್ರಾಥಮಿಕ ಶಾಲೆಯಲ್ಲಿ ಚೀಟಿ ಎತ್ತಿದಂತೆ ಆರಿಸಿದ ಕೆಲವು ಮಕ್ಕಳನ್ನು ತೋರಿಸಿ, “ಇವರು ಈ ವರ್ಷ ಚೆನ್ನಾಗಿ ಬೆಳೆಯುತ್ತಾರೆ” ಎಂದು ಶಿಕ್ಷಕರಿಗೆ ಹೇಳಲಾಯಿತು. ವರ್ಷದ ಕೊನೆಗೆ, ಮುಖ್ಯವಾಗಿ ಒಂದು ಮತ್ತು ಎರಡನೇ ತರಗತಿಗಳಲ್ಲಿ, ಆ ಮಕ್ಕಳು ಮುಂದೆ ಬಂದಿದ್ದರು. ನಂತರದ ಸಂಶೋಧಕರು ಈ ಪ್ರಯೋಗದ ಅಳತೆಯಲ್ಲಿ ದೋಷ ಹುಡುಕಿದ್ದಾರೆ, ಪರಿಣಾಮ ಅಷ್ಟು ದೊಡ್ಡದಲ್ಲ ಎಂದಿದ್ದಾರೆ. ಅದನ್ನು ಒಪ್ಪೋಣ. ಆದರೆ ಜಾತಿಯ ನಾಡಿನಲ್ಲಿ ಈ ಪ್ರಶ್ನೆಯ ತೂಕವೇ ಬೇರೆ.

ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ 2004ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಮ್ಮ ಪ್ರತಿ ಶಿಕ್ಷಕರೂ ಓದಬೇಕು. ಉತ್ತರ ಪ್ರದೇಶದ ಹಳ್ಳಿಗಳ ಆರು, ಏಳನೇ ತರಗತಿಯ ಹುಡುಗರಿಗೆ ದಾರಿ ಹುಡುಕುವ ಚಿತ್ರಗಳನ್ನು ಕೊಟ್ಟು ಬಿಡಿಸಲು ಹೇಳಿದರು, ಬಿಡಿಸಿದ್ದಕ್ಕೆ ಹಣವನ್ನೂ ಕೊಟ್ಟರು. ಯಾರ ಜಾತಿಯೂ ಹೇಳದಿದ್ದಾಗ ಮೇಲ್ಜಾತಿ, ಕೆಳಜಾತಿ ಎನ್ನಲಾದ ಹುಡುಗರ ಸಾಧನೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಎಲ್ಲರ ಮುಂದೆ ಹೆಸರು, ಜಾತಿ ಕೂಗಿ ಹೇಳಿದ ಮೇಲೆ ಕೆಳಜಾತಿಯ ಹುಡುಗರ ಸಾಧನೆ ಗಣನೀಯವಾಗಿ ಕುಸಿಯಿತು. ಅದೇ ಬುದ್ಧಿ, ಅದೇ ಕೈ, ಅದೇ ಹಣದ ಆಸೆ. ಬದಲಾದದ್ದು ಕೋಣೆಯ ಗಾಳಿ ಮಾತ್ರ.

ಕನ್ನಡದ ಓದುಗರಿಗೆ ಇದು ಹೊಸ ಸುದ್ದಿಯೇನಲ್ಲ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’, ಸಿದ್ಧಲಿಂಗಯ್ಯನವರ ‘ಊರುಕೇರಿ’ ಈ ಗಾಳಿಯನ್ನು ಅಂಕಿಸಂಖ್ಯೆಗಳಿಲ್ಲದೆಯೇ ನಮಗೆ ಮುಟ್ಟಿಸಿವೆ. ನಮ್ಮ ದಲಿತ ಆತ್ಮಕಥನಗಳನ್ನು ಸಾಹಿತ್ಯ ಎಂದು ಮಾತ್ರ ಓದಿ ಬದಿಗಿಟ್ಟೆವು. ಅವು ನಮ್ಮ ನೆಲದ ಶೈಕ್ಷಣಿಕ ಮನೋವಿಜ್ಞಾನದ ಮೊದಲ ಪಠ್ಯಗಳು. ಬಿ.ಇಡಿ. ತರಗತಿಯಲ್ಲಿ ಸ್ಕಿನ್ನರನ ಇಲಿಗೆ ಒಂದು ವಾರ ಕೊಡುವವರು ಇವುಗಳಿಗೆ ಒಂದು ದಿನ ಕೊಡಬಾರದೇ?

ಮುಸ್ಲಿಮ್ ಮಕ್ಕಳ ಮಟ್ಟಿಗೂ ಇದೇ ಮಾತು. 2022ರಲ್ಲಿ ತಲೆವಸ್ತ್ರದ ವಿವಾದ ನಮ್ಮ ಕಾಲೇಜುಗಳ ಗೇಟಿನಲ್ಲಿ ನಿಂತಾಗ ನಡೆದ ಚರ್ಚೆ ಸಂವಿಧಾನ, ಧರ್ಮ, ಸಮವಸ್ತ್ರಗಳ ಸುತ್ತ ತಿರುಗಿತು. ಗೇಟಿನ ಹೊರಗೆ ನಿಂತ ಹುಡುಗಿಯ ಕಲಿಕೆಗೆ, ಅದಕ್ಕಿಂತ ಹೆಚ್ಚಾಗಿ ಅದನ್ನು ಟಿ.ವಿ.ಯಲ್ಲಿ ನೋಡಿದ ಏಳನೇ ತರಗತಿಯ ಹುಡುಗಿಯ ನಿರೀಕ್ಷೆಗೆ ಏನಾಯಿತು ಎಂದು ಕೇಳಿದವರು ಕಡಿಮೆ. “ಈ ಜಾಗ ನನ್ನದು” ಎಂಬ ಭಾವನೆಯಿಲ್ಲದೆ ಯಾವ ಮಗುವೂ ಕಲಿಯಲಾರದು.

ಹೊಸ್ತಿಲ ಮೇಲಿನ ಭಾಷೆ

ಸಿರುಗುಪ್ಪದ ಸೀಮೆಯಲ್ಲಿ ಒಂದೇ ಓಣಿಯಲ್ಲಿ ಕನ್ನಡ, ತೆಲುಗು, ದಖನಿ ಉರ್ದು ಕೇಳಿಸುತ್ತವೆ. ಸಂತೆಯಲ್ಲಿ ಮೂರೂ ಭಾಷೆಯಲ್ಲಿ ಚೌಕಾಸಿ ಮಾಡುವ ಮಗು ಒಂದನೇ ತರಗತಿಯಲ್ಲಿ ಮೂಕವಾಗುತ್ತದೆ. ಮನೆಯಲ್ಲಿ ‘ಪಾನಿ’ ಅಥವಾ ‘ನೀಳ್ಳು’ ಎನ್ನುವ ಮಗುವಿಗೆ ‘ನೀರು’ ಎಂಬ ಪದವೂ ಹೊಸದು, ಅದನ್ನು ಬರೆಯುವ ಲಿಪಿಯೂ ಹೊಸದು. ಎರಡು ಹೊರೆ ಒಟ್ಟಿಗೆ. ಆ ಮಗು ಸುಮ್ಮನಿದ್ದರೆ ಮೇಷ್ಟ್ರು ಹಾಜರಿ ಪುಸ್ತಕದ ಜೊತೆಗೆ ಮನಸ್ಸಿನಲ್ಲೂ ಒಂದು ಗುರುತು ಹಾಕುತ್ತಾರೆ.

ಇಲ್ಲಿ ಬಾನು ಮುಷ್ತಾಕ್ ಅವರ ಬಾಲ್ಯದ ಸಂಗತಿಯನ್ನು ನೆನೆಯಬೇಕು. ಎಂಟನೇ ವಯಸ್ಸಿನಲ್ಲಿ ಅವರನ್ನು ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಿಸಿಕೊಂಡದ್ದು ಆರು ತಿಂಗಳಲ್ಲಿ ಕನ್ನಡ ಓದಿ ಬರೆಯಲು ಕಲಿಯಬೇಕೆಂಬ ಷರತ್ತಿನ ಮೇಲೆ. ಅವರು ಕೆಲವೇ ದಿನಗಳಲ್ಲಿ ಬರೆಯತೊಡಗಿದರು. 2025ರಲ್ಲಿ ಅವರ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಂತು. ನಮಗೆಲ್ಲ ಹೆಮ್ಮೆ. ಆದರೆ ಇನ್ನು ಮುಂದೆ ಶಾಮಿಯಾನದ ಭಾಷಣಕಾರರು ಈ ಕಥೆಯನ್ನೂ ಎತ್ತಿಕೊಳ್ಳುತ್ತಾರೆ: ಅವರಿಗೆ ಆದದ್ದು ನಿಮಗೇಕಾಗದು ಎಂದು. ಗೋಡೆಯನ್ನು ಒಬ್ಬರು ಹಾರಿದರೆಂದರೆ ಗೋಡೆ ಗಿಡ್ಡದು ಎಂದರ್ಥವಲ್ಲ. ಆ ಷರತ್ತನ್ನು ಪೂರೈಸಲಾಗದೆ ಉರ್ದುವಿಗೂ ಕನ್ನಡಕ್ಕೂ ನಡುವೆ ಎಲ್ಲೋ ಕಳೆದುಹೋದ ಮಕ್ಕಳ ಹೆಸರು ಯಾವ ಪ್ರಶಸ್ತಿಪಟ್ಟಿಯಲ್ಲೂ ಇಲ್ಲ. ಶಿಕ್ಷಣ ನೀತಿ ರೂಪಿಸಬೇಕಾದದ್ದು ಅವರಿಗಾಗಿ.

ಏಣಿಯ ಮೊದಲ ಮೆಟ್ಟಿಲು

ಕೆಲಸ ಮಾಡಿದ ಉದಾಹರಣೆಗಳಿಗೆ ಬರೋಣ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ ‘ನಲಿ-ಕಲಿ’ಗೆ ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳು ಸ್ಫೂರ್ತಿ. ಪಠ್ಯಪುಸ್ತಕದ ಬದಲು ಕಾರ್ಡುಗಳು, ಪಾಠದ ಬದಲು ಏಣಿಯ ಮೆಟ್ಟಿಲುಗಳು. ಶಿಕ್ಷಕರ ಪೂರ್ಣ ನೆರವು ಬೇಕಾದ ಮಕ್ಕಳು ಒಂದು ಗುಂಪು, ಗೆಳೆಯರ ನೆರವಿನಿಂದ ಕಲಿಯುವವರು ಇನ್ನೊಂದು, ತಾವೇ ಕಲಿಯುವವರು ಮತ್ತೊಂದು. ನಾಟಿಯ ಹಂಗಾಮಿನಲ್ಲಿ ಹತ್ತು ದಿನ ತಪ್ಪಿಸಿಕೊಂಡ ಮಗು ಮರಳಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಮಾಮೂಲಿ ತರಗತಿಯಲ್ಲಿ ಆ ಮಗು ಹತ್ತು ದಿನದ ಪಾಠ ಕಳೆದುಕೊಂಡು, ಹನ್ನೊಂದನೇ ದಿನದಿಂದ ಏನೂ ಅರ್ಥವಾಗದೆ ಕೂರುತ್ತದೆ. ಭತ್ತದ ಸೀಮೆಗೆ ಈ ಪದ್ಧತಿಯ ಬೆಲೆ ಏನೆಂದು ಬೇರೆ ಹೇಳಬೇಕಿಲ್ಲ.

2009-10ರಿಂದ ನಲಿ-ಕಲಿ ರಾಜ್ಯದ ತುಂಬ ಹರಡಿತು. ಹರಡಿದಂತೆ ತೆಳುವಾಯಿತು. ಶಿಕ್ಷಕರು ತಾವೇ ಕಟ್ಟಿದ ಪದ್ಧತಿ ಮೇಲಿನಿಂದ ಬಂದ ಸುತ್ತೋಲೆಯಾಯಿತು. ಮೂರು ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸುವುದು ಶಿಕ್ಷಕರ ಕೊರತೆಗೆ ಒಳ್ಳೆಯ ನೆಪವೂ ಆಯಿತು ಎಂಬ ಟೀಕೆಯಲ್ಲಿ ಹುರುಳಿದೆ. ಆದರೂ ಅದರ ತಿರುಳು ಸರಿಯಾದದ್ದು: ಮಗು ಎಲ್ಲಿದೆಯೋ ಅಲ್ಲಿಂದ ಶುರುಮಾಡು.

ಇದೇ ತಿರುಳನ್ನು ಮುಂಬೈ ಮತ್ತು ವಡೋದರದ ‘ಬಾಲಸಖಿ’ ಕಾರ್ಯಕ್ರಮದಲ್ಲಿ ಅಳೆದು ನೋಡಲಾಗಿದೆ. ಹಿಂದುಳಿದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ, ಅದೇ ಬಡಾವಣೆಯ ಯುವತಿಯರು ಮೂಲ ಅಕ್ಷರ, ಮೂಲ ಲೆಕ್ಕ ಕಲಿಸಿದರು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು 2007ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ ಕಲಿಕೆ ಸ್ಪಷ್ಟವಾಗಿ ಸುಧಾರಿಸಿತು. ಅಲ್ಲಿ ಯಾರೂ ಪ್ರೇರಣೆಯ ಭಾಷಣ ಮಾಡಲಿಲ್ಲ. ಓದಲು ಬಂತು, ಆಸಕ್ತಿ ಹಿಂದೆಯೇ ಬಂತು. ನಾವು ಆಸಕ್ತಿ ಮೊದಲು, ಕಲಿಕೆ ಆಮೇಲೆ ಎಂದು ತಿಳಿದಿದ್ದೇವೆ. ಎಷ್ಟೋ ಮಕ್ಕಳಲ್ಲಿ ಕ್ರಮ ತಿರುವುಮುರುವಾಗಿರುತ್ತದೆ.

ಹೊಗಳಿಕೆಯ ವಿಷಯದಲ್ಲೂ ಎಚ್ಚರ ಬೇಕು. ಕ್ಲಾಡಿಯಾ ಮ್ಯುಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ತೋರಿಸಿದ ಹಾಗೆ, “ನೀನು ಬಲು ಶಾಣ್ಯಾ” ಎಂದು ಬುದ್ಧಿಯನ್ನು ಹೊಗಳಿಸಿಕೊಂಡ ಮಕ್ಕಳು ಸೋಲು ಬಂದಾಗ ಬೇಗ ಕೈಬಿಟ್ಟರು; ಪಟ್ಟ ಶ್ರಮವನ್ನು ಗುರುತಿಸಿದಾಗ ಮತ್ತೆ ಪ್ರಯತ್ನಿಸಿದರು. ಇದರ ಮೇಲೆ ಕಟ್ಟಿದ ‘ಮನೋಭಾವ ಬದಲಿಸಿ’ ಎಂಬ ಉದ್ಯಮ ಮಾತ್ರ ದೊಡ್ಡ ಭರವಸೆ ಮಾರಿತು. 2019ರಲ್ಲಿ ಅಮೆರಿಕದ ಸುಮಾರು 12,000 ಹೈಸ್ಕೂಲು ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಹಿಂದುಳಿದ ಮಕ್ಕಳಿಗೆ ಆದ ಲಾಭ ನಿಜವಾದರೂ ಚಿಕ್ಕದಾಗಿತ್ತು, ಅದೂ ಸುತ್ತಲಿನ ಗೆಳೆಯರ ಬೆಂಬಲವಿದ್ದ ಕಡೆ ಹೆಚ್ಚಾಗಿತ್ತು. ಚಿಕ್ಕ ಲಾಭವನ್ನು ತಿರಸ್ಕರಿಸಬೇಕಿಲ್ಲ. ಆದರೆ ಅದನ್ನೇ ತೋರಿಸಿ ಖಾಲಿ ಶಿಕ್ಷಕ ಹುದ್ದೆಗಳನ್ನು ಮರೆಸುವಂತಿಲ್ಲ.

ನಮ್ಮ ಮನೆಯೊಳಗಿನ ಮಾತು

ಸಮುದಾಯದ ಕಡೆಗೂ ಒಂದು ಬೆರಳು ತಿರುಗಬೇಕು. ಇಸ್ಲಾಮಿನ ಮೊದಲ ದಿವ್ಯವಾಣಿಯ ಮೊದಲ ಆಜ್ಞೆ ಓದಿನದು ಎಂದು ನಾವು ಪ್ರತಿ ಭಾಷಣದಲ್ಲಿ ಹೇಳುತ್ತೇವೆ. ಆ ಕ್ಷಣದಲ್ಲಿ ಪ್ರವಾದಿ ಮುಹಮ್ಮದ್(ಸ) ತಮಗೆ ಓದಲು ಬಾರದೆಂದು ಹೇಳಿದ್ದನ್ನು, ಅದಕ್ಕೆ ದೇವಚರರು ಮೂದಲಿಸದೆ ಅವರನ್ನು ಬಿಗಿದಪ್ಪಿದ್ದನ್ನು ಅಷ್ಟಾಗಿ ಹೇಳುವುದಿಲ್ಲ. “ನನಗೆ ಬರುವುದಿಲ್ಲ” ಎನ್ನುವ ಮಗುವಿಗೆ ನಮ್ಮ ಮಕ್ತಬ್‌ಗಳಲ್ಲಿ ಏನು ಸಿಗುತ್ತದೆ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ಇಮಾಮ್ ಗಝಾಲಿಯವರು ಶಿಕ್ಷಕನ ಕರ್ತವ್ಯಗಳನ್ನು ಪಟ್ಟಿ ಮಾಡುವಾಗ, ಶಿಷ್ಯನನ್ನು ಸ್ವಂತ ಮಗನಂತೆ ಕಾಣಬೇಕು, ತಪ್ಪನ್ನು ಸೂಚ್ಯವಾಗಿ ತಿದ್ದಬೇಕೇ ಹೊರತು ಎಲ್ಲರೆದುರು ಹಳಿಯಬಾರದು, ಅವನ ಗ್ರಹಿಕೆಗೆ ನಿಲುಕುವಷ್ಟನ್ನೇ ಕಲಿಸಬೇಕು ಎಂದಿದ್ದಾರೆ. ಇಬ್ನ್ ಖಲ್ದೂನ್ 1377ರ ‘ಮುಕದ್ದಿಮಾ’ದಲ್ಲಿ, ಕಠೋರ ಶಿಕ್ಷೆ ಎಳೆಯರನ್ನು ಸೋಮಾರಿಗಳನ್ನಾಗಿ, ಸುಳ್ಳುಗಾರರನ್ನಾಗಿ ಮಾಡುತ್ತದೆ ಎಂದು ಎಚ್ಚರಿಸಿದರು. ನಮ್ಮ ಹಿರಿಯರು ಎಲ್ಲವನ್ನೂ ಮೊದಲೇ ಹೇಳಿದ್ದರು ಎಂದು ಎದೆ ತಟ್ಟಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಆರು ಶತಮಾನಗಳ ನಂತರವೂ ‘ಛಡಿ ಚಂ ಚಂ’ ಗಾದೆ ನಮ್ಮಲ್ಲಿ ಬದುಕಿದೆ ಎಂಬ ಸಂಕಟಕ್ಕೆ ಹೇಳುತ್ತಿದ್ದೇವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯ ಜೊತೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ದಡ್ಡ ಎಂಬ ಪದ ಆ ಎರಡನೆಯದರಲ್ಲಿ ಬರುತ್ತದೆ.

ಲೆಕ್ಕದ ಇನ್ನೊಂದು ಸೊನ್ನೆಯನ್ನೂ ನೋಡಬೇಕು. 2006ರ ಸಾಚಾರ್ ವರದಿಯ ಪ್ರಕಾರ 6ರಿಂದ 14 ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಕಾಲು ಭಾಗ ಒಂದೋ ಶಾಲೆಗೇ ಹೋಗಿರಲಿಲ್ಲ ಅಥವಾ ಬಿಟ್ಟಿದ್ದರು. ಮದ್ರಸಾದಲ್ಲಿ ಓದುತ್ತಿದ್ದವರು ಕೇವಲ ಶೇಕಡಾ 4ರಷ್ಟು ಎಂದೂ ಅದು ಹೇಳಿತು. ಓದಿದರೂ ನೌಕರಿ ಸಿಗದು ಎಂಬ ಅನುಭವವೇ ಓದು ಬಿಡಿಸುತ್ತದೆ ಎಂಬುದನ್ನು ವರದಿ ಗುರುತಿಸಿತು. ಬಳ್ಳಾರಿಯ ಜೀನ್ಸ್ ಘಟಕದಲ್ಲಿ, ಗ್ಯಾರೇಜಿನಲ್ಲಿ ಇಂದೇ ಕೈಗೆ ಬರುವ ಕೂಲಿಯನ್ನು ಬಿಟ್ಟು ಹತ್ತು ವರ್ಷದ ನಂತರದ ಅನುಮಾನದ ನೌಕರಿಗಾಗಿ ಓದು ಎಂದರೆ, ಆ ಹುಡುಗ ಹಾಕುವ ಲೆಕ್ಕವನ್ನು ಸೋಮಾರಿತನ ಎನ್ನಲಾಗದು. 2013ರಲ್ಲಿ ಜಾರಿಗೆ ಬಂದ 371(ಜೆ) ಮೀಸಲಾತಿ ಈ ಭಾಗದ ಓದಿದವರಿಗೆ ಒಂದು ಬಾಗಿಲು ತೆರೆದಿದೆ. ಆ ಬಾಗಿಲಿಂದ ಒಳಹೋದ ಪಕ್ಕದ ಊರಿನ ಒಬ್ಬ ನರ್ಸ್, ಒಬ್ಬ ಗ್ರಾಮ ಲೆಕ್ಕಿಗ ಶಾಲೆಗೆ ಬಂದು ಅರ್ಧ ಗಂಟೆ ಮಾತಾಡಿದರೆ ಅದು ಕಲಾಂ ಕಥೆಗಿಂತ ಹತ್ತಿರದ ಪ್ರೇರಣೆ.

ಹಾಗಾದರೆ ಮಾಡಬೇಕಾದದ್ದೇನು? ಕೆಂಚನಗುಡ್ಡದಂತಹ ಊರಿನ ಶಾಲೆಯನ್ನು ಎದುರಿಗಿಟ್ಟುಕೊಂಡು ನಾವು ನಾಲ್ಕು ಮಾತು ಹೇಳುತ್ತೇವೆ. ದಿನಕ್ಕೊಂದು ಗಂಟೆ ತರಗತಿಯ ಗೋಡೆ ಮರೆತು, ಓದುವ ಮಟ್ಟಕ್ಕೆ ತಕ್ಕಂತೆ ಮಕ್ಕಳನ್ನು ಕೂರಿಸಲಿ. ಒಂದನೇ ತರಗತಿಯ ಮೊದಲ ತಿಂಗಳುಗಳಲ್ಲಿ ಮನೆಮಾತಿಗೆ ಜಾಗವಿರಲಿ. ಊರಿನ ಓದಿದ ಹೆಣ್ಣುಮಕ್ಕಳನ್ನು ಅದಕ್ಕೆ ಕರೆಯಲಿ, ಗೌರವಧನ ಕೊಡಲಿ. ಅಂಕಗಳನ್ನು ಎಲ್ಲರೆದುರು ಕೂಗಿ ಹೇಳುವುದು ನಿಲ್ಲಲಿ. 2001ರಿಂದ ಇರುವ ಶಾಲಾಭಿವೃದ್ಧಿ ಸಮಿತಿಗಳು ಕಾಂಪೌಂಡು, ಬಣ್ಣ, ಬಾವುಟದ ಕಟ್ಟೆಗಳ ಜೊತೆಗೆ, ಓದಲು ಬಾರದ ಮಕ್ಕಳು ಎಷ್ಟು, ಈ ತಿಂಗಳು ಅವರಲ್ಲಿ ಎಷ್ಟು ಮಂದಿಗೆ ಬಂತು ಎಂಬ ಒಂದೇ ಪ್ರಶ್ನೆಯನ್ನು ಪ್ರತಿ ಸಭೆಯಲ್ಲಿ ಕೇಳಲಿ. ಆ ಸಭೆಗಳಲ್ಲಿ ನಮ್ಮ ಜಮಾಅತ್‌ನವರೂ ಕುಳಿತಿರಲಿ, ತಾಯಂದಿರೂ ಕುಳಿತಿರಲಿ.

ಇವುಗಳಿಗೆ ದೊಡ್ಡ ಬಜೆಟ್ಟು ಬೇಕಿಲ್ಲ. ಬೇಕಾದದ್ದು, ಮಗು ಸೋತಾಗ ಮೊದಲು ಯಾರ ಕಡೆ ನೋಡಬೇಕು ಎಂಬ ಬಗ್ಗೆ ದೊಡ್ಡವರ ತೀರ್ಮಾನ ಬದಲಾಗುವುದು.